ಕ್ಯಾಸೆಟ್ಟಿನ ಎರಡನೇ ಕಡೆ

ಆಗಸ್ಟ್ ಹನ್ನೊಂದು, ಸೋಮವಾರ. ಬೆಳಗ್ಗೆ ಹತ್ತೂಕಾಲಿಗೆ ಹೊನ್ನವಳ್ಳಿ ಠಾಣೆಗೆ ಬಂದ ದೂರನ್ನು ಓದಿ ಹೆಡ್ ಕಾನ್‌ಸ್ಟೆಬಲ್ ರೇಣುಕಪ್ರಸಾದ್ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ಓದಿದರು. ಈ ಕಡೆ ಕಳ್ಳತನ ಅಂದರೆ ಕೊಬ್ಬರಿ ಮೂಟೆ, ಇಲ್ಲವೇ ಬೋರ್‌ವೆಲ್ ಕೇಬಲ್, ಅದೂ ತಪ್ಪಿದರೆ ಬೈಕು. ಕ್ಯಾಸೆಟ್ ಕಳುವಾಗಿದೆ ಎಂದು ಯಾರೂ ಇದುವರೆಗೆ ಠಾಣೆಯ ಮೆಟ್ಟಿಲು ಹತ್ತಿರಲಿಲ್ಲ.

"ಕ್ಯಾಸೆಟ್ಟಾ ಮೇಡಂ? ಹಾಡಿಂದಾ?"

"ಹಾಡಿಂದಲ್ಲ ಸಾರ್. ತೀರಿಹೋದ ಒಬ್ಬ ಸೈನಿಕರ ದನಿ ಇರೋದು," ಎಂದರು ದೂರುದಾರೆ ಯೋಗಿತಾ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ಈಕೆ ಹಿಟ್ಟಿನ ಗಿರಣಿಯ ಪಕ್ಕದ ಹಳೇ ಗೋದಾಮಿನಲ್ಲಿ 'ನೆನಪಿನ ಕೋಣೆ' ಎಂದು ಶುರುಮಾಡಿ ಎರಡು ವರ್ಷವಾಗಿತ್ತು. ಸುತ್ತಲ ಮನೆಗಳ ಅಟ್ಟದಲ್ಲಿ ಗೆದ್ದಲು ಹಿಡಿಯುತ್ತಿದ್ದ ಫೋಟೊ, ಮದುವೆ ಕರೆಯೋಲೆ, ಹಳೇ ಕ್ರಯಪತ್ರಗಳನ್ನೆಲ್ಲ ತಂದು ಜೋಡಿಸಿಡುತ್ತಿದ್ದರು. ಭಾನುವಾರಗಳಲ್ಲಿ ಮಾಜಿ ಸೈನಿಕರು ಬಂದು ಕೂತು ತಮ್ಮ ಕತೆ ಹೇಳುತ್ತಿದ್ದರು, ಇವರು ಮೊಬೈಲಿನಲ್ಲಿ ತುಂಬಿಸಿಕೊಳ್ಳುತ್ತಿದ್ದರು. ಮೊದಮೊದಲು ಊರವರು ಈಕೆಯನ್ನು ಗುಜರಿ ಮೇಡಂ ಎಂದು ಆಡಿಕೊಂಡಿದ್ದರು. ಈಗ ಅವರೇ ಟ್ರಂಕು ಹೊತ್ತು ತರುತ್ತಾರೆ.

ಕ್ಯಾಸೆಟ್ ಇದ್ದದ್ದು ಇದೇ ಊರಿನ ತಿಮ್ಮರಾಜು ಅವರ ಟ್ರಂಕಿನಲ್ಲಿ. 1988ರಲ್ಲಿ ಶ್ರೀಲಂಕಾದಲ್ಲಿ ಶಾಂತಿಪಡೆಯ ಜೊತೆಗಿದ್ದಾಗ ಸತ್ತ ಜವಾನ. ಸಾಯುವುದಕ್ಕೆ ಎರಡು ತಿಂಗಳ ಮುಂಚೆ, ಕಾಗದ ಬರೆಯುವ ಬದಲು, ತನ್ನ ಮಾತನ್ನೇ ತುಂಬಿಸಿ ಮನೆಗೆ ಕಳಿಸಿದ್ದ. ಅವನ ತಮ್ಮ ಈರಣ್ಣ ಹೋದ ತಿಂಗಳು ಟ್ರಂಕನ್ನು ಕೋಣೆಗೆ ಕೊಟ್ಟಿದ್ದ. ಶುಕ್ರವಾರ ಸ್ವಾತಂತ್ರ್ಯೋತ್ಸವದಂದು ಆ ಕ್ಯಾಸೆಟ್ಟನ್ನು ಪಂಚಾಯಿತಿ ಮುಂದೆ ಮೈಕಿನಲ್ಲಿ ಕೇಳಿಸುವುದೆಂದು ಬ್ಯಾನರ್ ಕೂಡ ಕಟ್ಟಿಯಾಗಿತ್ತು.

ಭಾರತೀಯ ನ್ಯಾಯ ಸಂಹಿತೆಯ ಕಲಂ 305ರಡಿ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನದೊಳಗೆ ಸಬ್ ಇನ್‌ಸ್ಪೆಕ್ಟರ್ ಸೌಂದರ್ಯ ಇಬ್ಬರು ಪಂಚರನ್ನು ಕರೆದುಕೊಂಡು ಸ್ಥಳಕ್ಕೆ ಹೋದರು. ಬಾಗಿಲ ಬೀಗ ಒಡೆದಿರಲಿಲ್ಲ. ಒಡೆಯುವ ಅಗತ್ಯವೂ ಇರಲಿಲ್ಲ, ಕೀಲಿಕೈ ಗಿರಣಿಯ ಗೋಡೆಯ ಮೊಳೆಗೆ ನೇತಾಡುತ್ತಿತ್ತು.

"ಇದು ಎಲ್ರಿಗೂ ಗೊತ್ತಾ?"

"ಎಲ್ರಿಗೂ ಗೊತ್ತು ಮೇಡಂ," ಎಂದ ಗಿರಣಿಯವ. "ಮರ್ತೋಗ್ಬಾರ್ದು ಅಂತ್ಲೇ ಅಲ್ಲಿ ಹಾಕಿರೋದು."

ಸೌಂದರ್ಯ ಒಳಗೆ ಹೋದರು. ಟ್ರಂಕು ತೆರೆಸಿದರು. ಸಮವಸ್ತ್ರ, ಎರಡು ಪದಕ, ಗಡಿಯಾರ, ಎಲ್ಲವೂ ಮಡಿಸಿಟ್ಟ ಹಾಗೇ ಇದ್ದವು. ಕ್ಯಾಸೆಟ್ ಇಟ್ಟಿದ್ದ ತಗಡಿನ ಡಬ್ಬಿ ಮಾತ್ರ ಒಂದಿಷ್ಟು ಭಾರವಾಗಿತ್ತು. ಮುಚ್ಚಳ ತೆಗೆದರೆ ಒಳಗೆ, ಬೆಳಗ್ಗೆ ಯೋಗಿತಾ ನೋಡಿ ಹಾಗೇ ಬಿಟ್ಟಿದ್ದ, ಒಂದು ಉಂಡೆ ಕೊಬ್ಬರಿ.

"ಯಾವನೋ ತಮಾಷೆ ಮಾಡವ್ನೆ ಮೇಡಂ," ಎಂದರು ರೇಣುಕಪ್ರಸಾದ್. "ಕಳ್ಳತನಕ್ಕೆ ಬಂದೋನು ಕೊಬ್ಬರಿ ಕೊಟ್ಟು ಹೋಗ್ತಾನಾ? ಇವತ್ತಿನ ರೇಟಲ್ಲಿ?"

"ನಿಮ್ಮನೇಲಿ ಪಕ್ಕದ ಮನೆ ಡಬ್ಬಿ ವಾಪಸ್ ಕೊಡೋವಾಗ ಬರಿ ಡಬ್ಬಿ ಕೊಡ್ತೀರಾ?"

"ಛೇ, ಬರಿ ಡಬ್ಬಿ ಯಾರ್ ಕೊಡ್ತಾರೆ ಮೇಡಂ? ಒಂದ್ ಚೂರು ಬೆಲ್ಲನೋ, ಕೊಬ್ಬರಿನೋ..." ರೇಣುಕಪ್ರಸಾದ್ ಅಲ್ಲಿಗೇ ನಿಂತರು. "ಅಯ್ಯೋ ಶಿವನೇ. ಹೆಂಗಸು!"

"ಹೆಂಗಸೇ ಇರ್ಬೇಕು. ಅದೂ ಬದುಕಿ ಬಾಳಿದ ಮನೆಯೋಳು. ಕದಿಯೋಕೆ ಬಂದ್ರೂ ಕೈ ಸುಮ್ನಿರಲಿಲ್ಲ."

ಸೌಂದರ್ಯ ಕೊಬ್ಬರಿಯನ್ನು ಮೂಗಿಗೆ ಹಿಡಿದರು. ಅವರ ತಂದೆ ಮಲ್ಲಿಕಾರ್ಜುನಯ್ಯನವರು ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದವರು. ಮಗಳು ಅಆಇಈ ಕಲಿಯುವ ಮೊದಲೇ ಮೂಟೆಗಳ ಮೇಲೆ ಆಡಿ ಬೆಳೆದಿದ್ದಳು. ಈ ಕೊಬ್ಬರಿಗೆ ಸೌದೆ ಹೊಗೆಯ ವಾಸನೆ ಇತ್ತು. ಕಾಯಿ ಒಣಗುವುದಕ್ಕೆ ವರ್ಷಗಟ್ಟಲೆ ಅಟ್ಟದಲ್ಲೇ ಇರುತ್ತದೆ. ಹಿಂದೆ ಅಟ್ಟದ ಕೆಳಗೇ ಒಲೆ. ಈಗ ಎಲ್ಲರ ಮನೆಯಲ್ಲೂ ಗ್ಯಾಸು, ಕಾಯಿಗೆ ತೋಟದಲ್ಲಿ ಬೇರೆ ಶೆಡ್ಡು. ಹೊಗೆ ಕುಡಿದ ಕೊಬ್ಬರಿ ನೋಡಿ ಅವರಿಗೆ ಅಪ್ಪನ ಮಂಡಿಯ ಮಧ್ಯಾಹ್ನಗಳು ನೆನಪಾಗಿ, ಪಂಚನಾಮೆಗೆ ಸಹಿ ಮಾಡಿಸುವುದನ್ನೇ ಒಂದು ಗಳಿಗೆ ಮರೆತು ನಿಂತರು.

ಮರುದಿನ ಹವಾಲ್ದಾರ್ ವೆಂಕಟಯ್ಯನವರ ವಿಚಾರಣೆ. ತಿಮ್ಮರಾಜುವಿನ ಜೊತೆ ಒಂದೇ ಟೆಂಟಿನಲ್ಲಿದ್ದವರು, ಈಗ ಎಪ್ಪತ್ತರ ಹತ್ತಿರ. ಖಾಕಿ ಕಂಡ ಕೂಡಲೇ ಎದ್ದು ನಿಂತು ಸೆಲ್ಯೂಟ್ ಹೊಡೆದರು.

"ಕೂತ್ಕೊಳಿ ಅಜ್ಜಾರೇ. ಆ ಕ್ಯಾಸೆಟ್ ತುಂಬಿಸಿದಾಗ ನೀವಿದ್ರಾ?"

"ಇದ್ದೆ ಕಣವ್ವ. ಟೇಪು ನಮ್ಮ ಅಡಿಗೆಯೋನ್ದು. ತಿಮ್ಮರಾಜ ಮೊದ್ಲು ಅಪ್ಪಂಗೆ, ಅವ್ವಂಗೆ, ಊರೋರ್ಗೆಲ್ಲ ನಮಸ್ಕಾರ ಹೇಳ್ದ. ನಾವು ಸುತ್ತ ಕೂತು ಕಿಸಕಿಸ ಅಂತಿದ್ವಿ. ಒಂದ್ ಸಲ ನಾನು ಕೆಮ್ಮಿದ್ದೂ ಅದ್ರಾಗೆ ಬಂದೈತೆ ಅಂತಿದ್ದ." ಮುದುಕರು ನಕ್ಕರು. ನಗುತ್ತಲೇ ಕಣ್ಣು ತುಂಬಿಕೊಂಡವು. "ಎರಡ್ನೇ ಕಡಿಗೆ ತಿರುಗ್ಸಿದ ನೋಡು, ನಮ್ಮನ್ನೆಲ್ಲ ಆಚೆಗಟ್ಬುಟ್ಟ. ಎದ್ದೋಗ್ರಲಾ ಅಂದ. ಮಳೇಲಿ ನಿಂತಿದ್ವಿ ಕಣವ್ವ, ಒಳಗೆ ಅವ್ನು ಪಿಸಪಿಸ ಅಂತಿದ್ದ."

"ಯಾರಿಗೆ ಮಾತಾಡ್ತಿದ್ರು?"

"ಇನ್ಯಾರಿಗೆ? ಮದ್ವೆಯಾಗಿ ಒಂದ್ ವರ್ಷ ತುಂಬಿರ್ಲಿಲ್ಲ."

ಸೌಂದರ್ಯ ಅಲ್ಲಿಂದ ನೇರವಾಗಿ ಈರಣ್ಣನ ತೋಟಕ್ಕೆ ಹೋದರು. ಈರಣ್ಣ ತೆಂಗಿನ ಬುಡಕ್ಕೆ ಗೊಬ್ಬರ ಹಾಕಿಸುತ್ತಿದ್ದ. ಬಾಯಿ ಜೋರಿನ ಮನುಷ್ಯ, ಪೊಲೀಸರನ್ನು ಕಂಡು ಇನ್ನಷ್ಟು ಜೋರಾದ.

"ನಮ್ಮಣ್ಣನ ದನಿ ಕದ್ದೋನ್ ಕೈ ಸೇದೋಗ! ಬಿಡ್ಬ್ಯಾಡಿ ಮೇಡಂ ಅವ್ನ!"

"ಕ್ಯಾಸೆಟ್ ಬಂದ ದಿನ ಮನೇಲಿ ಏನಾಯ್ತು, ಅದನ್ನ ಹೇಳಿ."

"ಏನಾಯ್ತು ಅಂದ್ರೆ, ಹಬ್ಬ ಆಯ್ತು. ಪಡಸಾಲೆ ತುಂಬ ಜನ. ನಮ್ಮಪ್ಪ ಪೆಂಡಾಲಿನೋರ್ ಹತ್ರ ಟೇಪು ಬಾಡಿಗೆಗೆ ತಂದಿದ್ರು. ಅಣ್ಣ ಎಲ್ರ ಹೆಸರೂ ಹಿಡಿದು ಮಾತಾಡ್ದ. ಕೊನೆಗೆ, 'ಅಪ್ಪ, ಆ ಕಡೆ ತಿರುಗ್ಸಿದ್ರೆ ಅದು ನಿಮ್ ಸೊಸೆಗೆ' ಅಂದ. ಅಷ್ಟೇ, ಪಡಸಾಲೆಗೆ ಪಡಸಾಲೇನೇ ಹೋ ಅಂತು! ಅತ್ತಿಗೆ ಸೆರಗು ಬಾಯಿಗಿಟ್ಕೊಂಡು ಅಡಿಗೆಮನೆಗೆ ಓಡ್ಹೋದ್ರು. ನಮ್ಮಪ್ಪಂಗೆ ನಾಚ್ಕೆಯಾಗಿ ಕ್ಯಾಸೆಟ್ ತೆಗ್ದು, ಆಮೇಲೆ ನೋಡಾನ ಬುಡು ಅಂದು ಟ್ರಂಕಿಗೆ ಹಾಕಿದ್ರು. ಸಂಜೆಗೆ ಟೇಪು ವಾಪಸ್ ಹೋಯ್ತು."

"ಆಮೇಲೆ?"

"ಆಮೇಲೆ ಅನ್ನೋದು ಬರ್ಲೇ ಇಲ್ಲ ಮೇಡಂ." ಈರಣ್ಣನ ಜೋರು ಇಳಿಯಿತು. "ತಂತಿ ಬಂತು. ಅವ್ವ ಆ ಟ್ರಂಕನ್ನ ತಲೆದೆಸೇಲಿ ಇಟ್ಕೊಂಡು ಮಲಗೋಳು. ಯಾರಾದ್ರೂ ಮುಟ್ಟಿದ್ರೆ ಎದೆ ಬಡ್ಕೊಂಡು ಅಳೋಳು. ಹೋದ್ವರ್ಷ ಅವ್ಳೂ ಹೋದ್ಲು."

"ಟ್ರಂಕು ಕೊಡೋವಾಗ ಅತ್ತಿಗೇನ ಕೇಳಿದ್ರಾ?"

"ಕೇಳಕ್ಕೇನೈತೆ? ಒಳ್ಳೆ ಕೆಲ್ಸಕ್ಕಲ್ವಾ ಕೊಟ್ಟಿದ್ದು?"

"ಊರಲ್ಲಿ ಈಗ್ಲೂ ಸೌದೆ ಒಲೆ ಮೇಲೆ ಅಟ್ಟ ಇಟ್ಕೊಂಡಿರೋರು ಯಾರ್ಯಾರು?"

"ಎಲ್ಲವ್ರೆ? ಎರಡೋ ಮೂರೋ ಮನೆ. ನಮ್ ಹಳೇ ಮನೆ ಒಂದು, ಅತ್ತಿಗೆ..." ಈರಣ್ಣ ಕೈಲಿದ್ದ ಗುದ್ದಲಿಯನ್ನು ಕೆಳಗಿಟ್ಟು ಅಲ್ಲೇ ಪಾತಿಯ ಅಂಚಿನಲ್ಲಿ ಕೂತುಬಿಟ್ಟ.

ಬುಧವಾರ ಬೆಳಗ್ಗೆ, ಮಹಿಳಾ ಕಾನ್‌ಸ್ಟೆಬಲ್ ಶಿಲ್ಪ ಮತ್ತು ಪಂಚರೊಂದಿಗೆ ಸೌಂದರ್ಯ ಹಳೇ ಮನೆಗೆ ಹೋದಾಗ ತಿಮ್ಮರಾಜುವಿನ ಹೆಂಡತಿ ವನಜಾಕ್ಷಿ ಒಲೆಯ ಮುಂದೆ ರಾಗಿಮುದ್ದೆ ತೊಳಸುತ್ತಿದ್ದರು. ಅರವತ್ತರ ಆಸುಪಾಸಿನ ತೆಳ್ಳನೆಯ ಹೆಂಗಸು. ಪೊಲೀಸರನ್ನು ನೋಡಿ ಗಾಬರಿಯಾಗಲಿಲ್ಲ. ಮುದ್ದೆ ಇಳಿಸಿ, ಕೈ ತೊಳೆದು, ಅಕ್ಕಿ ಡಬ್ಬದೊಳಗೆ ಕೈಹಾಕಿ ಬಿಳಿ ಬಟ್ಟೆಯಲ್ಲಿ ಸುತ್ತಿದ್ದ ಕ್ಯಾಸೆಟ್ ತೆಗೆದುಕೊಟ್ಟರು.

"ನೀವೇ ತಗೊಂಡಿದ್ದಾ ಅಮ್ಮ?"

"ನಾನೇ ಕಣವ್ವ. ಭಾನುವಾರ ಎಲ್ರೂ ಎದ್ದೋದ್ಮೇಲೆ."

"ಕೇಳಿದ್ರಾ?"

"ಎಲ್ಲಿ ಕೇಳ್ಲಿ? ಕೇಳೋ ಮಿಷನ್ನೇ ಇಲ್ಲ. ತಿಪಟೂರಲ್ಲಿ ನಾಲ್ಕಂಗಡಿ ಸುತ್ತಿದೆ. ಈಗ್ಯಾರಜ್ಜಿ ಟೇಪು ಇಡ್ತಾರೆ ಅಂತ ನಗ್ತಾರೆ."

ಸುದ್ದಿ ತಿಳಿದು ಓಡಿಬಂದಿದ್ದ ಯೋಗಿತಾ ಬಾಗಿಲಲ್ಲೇ ನಿಂತು ತಡೆಯಲಾರದೆ ಕೇಳಿದರು: "ಒಂದು ಮಾತು ಹೇಳಿದ್ರೆ ನಾನೇ ತಂದ್ಕೊಡ್ತಿದ್ನಲ್ಲಮ್ಮ!"

"ಏನಂತ ಹೇಳ್ಲವ್ವ? ಹತ್ತು ಜನದ ಮುಂದೆ ನಿಂತು, ನನ್ ಗಂಡನ ಮಾತು ನಂಗೆ ಕೊಡಿ ಅಂತ್ಲಾ? ಅತ್ತೆ ಇರೋವರ್ಗೂ ಕೇಳ್ಲಿಲ್ಲ, ಆಕೆ ಹೊಟ್ಟೆ ಉರಿಸ್ಬಾರ್ದು ಅಂತ. ಆಮೇಲೆ ಮೈದ ನನ್ನ ಒಂದ್ ಮಾತೂ ಕೇಳ್ದಂಗೆ ಕೊಟ್ಬುಟ್ಟ. ಬ್ಯಾನರ್ ಕಟ್ಟಿದ್ರಿ. ಅವ್ರು ನಂಗೆ ಅಂತ ಹೇಳಿದ್ದು, ನನ್ಗಿಂತ ಮೊದ್ಲು ಊರಿಗೆಲ್ಲ ಮೈಕಲ್ಲಿ ಕೇಳ್ಸತ್ತೆ ಅಂದ್ರೆ ಹೆಂಗೆ ತಡ್ಕೊಳ್ಲಿ? ಮೂವತ್ತೇಳು ವರ್ಷ ಕಾದಿದೀನಿ ಕಣವ್ವ."

ಯೋಗಿತಾ ಅಳುತ್ತ ದೂರು ವಾಪಸ್ ತೆಗೆದುಕೊಳ್ಳುತ್ತೇನೆಂದರು. ಎಫ್‌ಐಆರ್ ಆದಮೇಲೆ ಅದು ತಮ್ಮ ಕೈಲಿಲ್ಲ, ಕೋರ್ಟಿನಲ್ಲಿ ಹೇಳಿ ಎಂದರು ಸೌಂದರ್ಯ. ಹಾಗೆ ಹೇಳುವಾಗ ಅವರಿಗೆ ತಮ್ಮ ಯೂನಿಫಾರಂ ಮೇಲೆಯೇ ಸಿಟ್ಟು ಬಂತು. ಜಪ್ತಿ ಪಂಚನಾಮೆ ಬರೆದು, ಹನ್ನೊಂದು ಗಂಟೆಗೆ ವನಜಾಕ್ಷಿಯವರನ್ನು ದಸ್ತಗಿರಿ ಮಾಡಲಾಯಿತು. ಹೊರಡುವ ಮುನ್ನ ಆಕೆ ಒಲೆಯ ಕೆಂಡಕ್ಕೆ ನೀರು ಚಿಮುಕಿಸಿ, ಮುದ್ದೆಯನ್ನು ಪಕ್ಕದ ಮನೆಗೆ ಕೊಟ್ಟು ಬಂದರು.

ಮಧ್ಯಾಹ್ನ ತಿಪಟೂರಿನ ನ್ಯಾಯಾಲಯಕ್ಕೆ ಹಾಜರುಪಡಿಸಬೇಕಿತ್ತು. ಅದಕ್ಕೆ ಮುಂಚೆ ಸಿಕ್ಕ ಕ್ಯಾಸೆಟ್ ಅದೇ ಹೌದೋ ಅಲ್ಲವೋ ಎಂದು ಗುರುತಿಸಬೇಕು. ರೇಣುಕಪ್ರಸಾದ್ ತಮ್ಮ ಮದುವೆಯಲ್ಲಿ ಅತ್ತೆಮನೆಯವರು ಕೊಟ್ಟಿದ್ದ ಟೇಪ್ ರೆಕಾರ್ಡರನ್ನು ಮಂಚದ ಕೆಳಗಿಂದ ಎಳೆಸಿ ತರಿಸಿದರು. ಹೆಂಡತಿ ಅದನ್ನು ಗುಜರಿಗೆ ಹಾಕದೆ ಉಳಿಸಿದ್ದಕ್ಕೆ ಅವರು ಇಷ್ಟು ವರ್ಷದಲ್ಲಿ ಮೊದಲ ಸಲ ಆಕೆಯನ್ನು ಹೊಗಳಿದರು.

ಜಾಮೀನಿಗೆ ಸಹಿ ಹಾಕಲು ತಾನಾಗಿಯೇ ಬಂದಿದ್ದ ಈರಣ್ಣ, ವೆಂಕಟಯ್ಯ, ಪಂಚರು ಎಲ್ಲರೂ ಠಾಣೆಯಲ್ಲಿ ಕೂತರು. ಮೊದಲು ಬರೀ ಸುಯ್ ಎನ್ನುವ ಸದ್ದು. ಆಮೇಲೆ ಒಬ್ಬ ಎಳೆಯ ಹುಡುಗನ ದನಿ: "ಅಪ್ಪಾ, ನಾನು ತಿಮ್ಮರಾಜು..."

ಈರಣ್ಣ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ಮಧ್ಯದಲ್ಲಿ ಯಾರೋ ಕೆಮ್ಮಿದ್ದು ಕೇಳಿಸಿತು. "ನಾನೇ ಕಣ್ಲಾ ಅದು!" ಎಂದು ವೆಂಕಟಯ್ಯ ಕೂಗಿಬಿಟ್ಟರು.

"ಗುರುತು ಸಿಕ್ತು. ಇಷ್ಟು ಸಾಕು," ಎಂದು ಸೌಂದರ್ಯ ಪಂಚರ ಸಹಿ ಪಡೆದು, ವನಜಾಕ್ಷಿಯೊಬ್ಬರನ್ನು ಬಿಟ್ಟು ಉಳಿದವರನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದರು. ಜಪ್ತಿಯಾದ ವಸ್ತುವನ್ನು ಆರೋಪಿಯ ಹತ್ತಿರ ಬಿಟ್ಟು ಅವರು ಹೋಗುವಂತಿರಲಿಲ್ಲ. ಕ್ಯಾಸೆಟ್ ತಿರುಗಿಸಿ ಹಾಕಿ, ಹಿಂದಕ್ಕೆ ಸುತ್ತಿಸಿ ಮೊದಲಿನಿಂದ ಹಚ್ಚಿ, ಕಿಟಕಿಯ ಕಡೆ ಮುಖಮಾಡಿ ನಿಂತರು.

"ವನಜಾ," ಎಂದಿತು ಟೇಪು.

ವನಜಾಕ್ಷಿ ಟೇಪಿನ ಕಡೆ ತಿರುಗಿದರು. ಆ ಮನೆಯಲ್ಲಿ ಹೆಂಡತಿಯ ಹೆಸರು ಹಿಡಿದು ಕೂಗುವ ರೂಢಿ ಇರಲಿಲ್ಲ. ಗಂಡನ ಬಾಯಲ್ಲಿ ತನ್ನ ಹೆಸರನ್ನು ಆಕೆ ಕೇಳಿದ್ದು ಇದೇ ಮೊದಲು.

"ಎಲ್ರೂ ನಗ್ತಿರ್ಬೇಕಲ್ಲ? ನಗ್ಲಿ ಬುಡು. ಹೆಂಗಿದೀಯ? ಹಸು ಕರು ಹಾಕ್ತಾ? ಹೆಣ್ಣಾ ಗಂಡಾ? ಎಲ್ರೂ ಉಂಡ್ಮೇಲೆ ಮಿಕ್ಕಿದ್ದು ಉಣ್ಬ್ಯಾಡ, ಹೊತ್ತಿಗೆ ಸರಿಯಾಗಿ ಉಣ್ಣು. ಇಲ್ಲಿ ತೆಂಗಿನ ಮರ ಬೇಕಾದಷ್ಟವೆ, ನೋಡಿದ್ರೆ ನಮ್ಮೂರೇ ಅನ್ಸತ್ತೆ. ನೀನು ಮಾತ್ರ ಇಲ್ಲ. ನಿನ್ ದನಿ ಕೇಳ್ಬೇಕು ಕಣೇ. ಕಾಗ್ದ ಬ್ಯಾಡ, ಮಾತಾಡಿ ಕಳ್ಸು. ಈ ಕಡೇಲಿ ಇನ್ನು ಮಿಕ್ಕಿರೋದೆಲ್ಲ ನಿಂದು. ನಾನು ಕಾಯ್ತಿರ್ತೀನಿ."

ಮತ್ತೆ ಸುಯ್ ಎನ್ನುವ ಸದ್ದು.

ಎರಡು ತಿಂಗಳು ಕಾದಿದ್ದಾನೆ, ಉತ್ತರ ಬರಲಿಲ್ಲ ಎಂದುಕೊಂಡೇ ಹೋಗಿದ್ದಾನೆ ಎಂಬುದು ಇಬ್ಬರು ಹೆಂಗಸರಿಗೂ ಒಟ್ಟಿಗೇ ತಿಳಿಯಿತು. ಸೌಂದರ್ಯ ಅತ್ತರು. ಅವರ ಬೆರಳು ದನಿ ತುಂಬಿಸುವ ಕೆಂಪು ಗುಂಡಿಯವರೆಗೂ ಹೋಗಿ ಹಿಂದೆ ಬಂತು. ಕೋರ್ಟಿಗೆ ಹೋಗಬೇಕಾದ ಕ್ಯಾಸೆಟ್, ಅದರ ಮೇಲೆ ಏನನ್ನೂ ತುಂಬಿಸುವಂತಿರಲಿಲ್ಲ. ಟೇಪು ಖಾಲಿಯಾಗಿ ತಿರುಗುತ್ತಿತ್ತು.

ವನಜಾಕ್ಷಿ ಸೆರಗು ಸರಿಮಾಡಿಕೊಂಡು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಹೆಣ್ಗರು ಕಣ್ರೀ," ಎಂದರು. "ಕೆಂದು. ಹಣೆ ಮೇಲೆ ಬಿಳಿ ಬೊಟ್ಟಿತ್ತು. ನೀವು ನೋಡಿದ್ರೆ..."

ಕ್ಯಾಸೆಟ್ ಮುಗಿದು ಗುಂಡಿ ಟಕ್ ಎಂದು ಮೇಲೆದ್ದಿತು. ಆಕೆ ಮಾತಾಡುತ್ತಲೇ ಇದ್ದರು. ತಿಪಟೂರಿಗೆ ಹೊತ್ತಾಯಿತು ಎಂದು ಹೊರಗಿಂದ ಶಿಲ್ಪ ಬಾಗಿಲು ತಟ್ಟಿದರೂ ಸೌಂದರ್ಯ ತೆಗೆಯಲಿಲ್ಲ.