ಕೂದಲ ಹೊಕ್ಕು

"ಬಾಗ್ಲು ಬೇಕಾದ್ರೆ ತೆಗಿ. ಮಗ್ಗದ ಮ್ಯಾಲಿರೋ ಬಟ್ಟೆ ಮಾತ್ರ ಕುಯ್ಬೇಡ ಕಣಪ್ಪ," ಎಂದ ಮುತ್ತಯ್ಯ.

ಗುರುಸ್ವಾಮಿ ನಕ್ಕ. ಕೊಳ್ಳೇಗಾಲದ ನೇಕಾರರ ಬೀದಿಯ ಆ ಮನೆಗೆ ಮನೆಅಳಿಯನಾಗಿ ಬಂದು ಅವನಿಗಿನ್ನೂ ವರ್ಷ ತುಂಬಿರಲಿಲ್ಲ. ಅದಕ್ಕೆ ಮುಂಚೆ ಮೈಸೂರಿನ ಗಿರಣಿಯೊಂದರಲ್ಲಿ ಫಿಟ್ಟರ್ ಕೆಲಸ ಮಾಡಿದವನು. ಕಬ್ಬಿಣ, ಎಣ್ಣೆ, ಕರೆಂಟು ಇವುಗಳಾಚೆ ಲೋಕ ನಡೆಸುವ ಶಕ್ತಿ ಇನ್ನೊಂದಿದೆ ಎಂದು ಯಾರಾದರೂ ಹೇಳಿದರೆ ಅವನಿಗೆ ನಗು ತಡೆಯುತ್ತಿರಲಿಲ್ಲ. ಈಗ ಬೀದಿಗೆ ಕರೆಂಟು ಬಂದಿತ್ತು. ಹಿತ್ತಲ ಕಡೆಯ ಕೋಣೆಯಲ್ಲಿ ಬೀಗ ಬಿದ್ದು ಕೊಳೆಯುತ್ತಿದ್ದ ಹಳೆಯ ಕುಣಿಮಗ್ಗವನ್ನು ಕಿತ್ತು, ನೇಯುವವರು ಕಾಲು ಇಳಿಬಿಟ್ಟು ಕೂರುವ ಆ ಕುಣಿಯನ್ನು ಮಣ್ಣು ತುಂಬಿ ಮುಚ್ಚಿ, ಅಲ್ಲೊಂದು ಪವರ್‌ಲೂಮು ಕೂರಿಸಬೇಕೆಂದು ಅವನು ಮನಸ್ಸು ಮಾಡಿದ್ದ.

ಮುತ್ತಯ್ಯ ತಡೆತಡೆದು ಹೇಳಿದ ಸಂಗತಿ ಇಷ್ಟು. ಆ ಮಗ್ಗ ಅವನ ತಂಗಿ ಮಹದೇವಮ್ಮನದು. ಚಿಕ್ಕಂದಿನಲ್ಲೇ ಗಂಡ ಸತ್ತು ಅಣ್ಣನ ಮನೆ ಸೇರಿದವಳು ಆ ಕುಣಿಯಲ್ಲೇ ಪ್ರಾಯ ಸವೆಸಿದಳು. ಮನೆ ಬಿಟ್ಟು ಹೋದ ದಿನ ತನ್ನ ಜಡೆಯನ್ನು ತಾನೇ ಕತ್ತರಿಸಿಕೊಂಡು, ಆ ಕೂದಲನ್ನು ಲಾಳಿಗೆ ಸುತ್ತಿ, ಅರ್ಧ ನೇಯ್ದಿದ್ದ ಕೆಂಪು ಸೀರೆಗೆ ಅದನ್ನೇ ಹೊಕ್ಕಾಗಿ, ಅಡ್ಡ ಎಳೆಯಾಗಿ ಹಾಕಿ ಗೇಣುದ್ದ ನೇಯ್ದಳು. ಇದನ್ನು ಯಾರು ಕುಯ್ಯುತ್ತಾರೋ ಅವರಿಗೂ ಅವರ ಕರುಳಿನವರಿಗೂ ನಡುವೆ ನನ್ನ ಕೂದಲು ಬೀಳಲಿ ಎಂದು ಚೌಡೇಶ್ವರಿಯ ಹೆಸರು ಹಿಡಿದು ನುಡಿದು ಹೊರಟುಹೋದಳು.

"ಕೂದ್ಲಲ್ಲಿ ಸೀರೆ ನೇಯ್ದ್ರೆ ಕೊಳ್ಳೋರು ಯಾರು ಮಾವ?" ಎಂದ ಗುರುಸ್ವಾಮಿ.

ಮಾರನೆಯ ಮಧ್ಯಾಹ್ನ ಅವನು ಬೀಗ ತೆಗೆದ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಒಳಗೆ ಕತ್ತಲೆ ಗಟ್ಟಿಯಾಗಿ ಕೂತಿತ್ತು. ಹುಳಿತ ಗಂಜಿಯ ವಾಸನೆ, ಇಲಿ ಹಿಕ್ಕೆಯ ವಾಸನೆ, ಅವೆರಡರ ಕೆಳಗೆ ಎಣ್ಣೆ ಹಚ್ಚಿದ ಹೆಂಗಸಿನ ತಲೆಯ ವಾಸನೆ, ಈಗಷ್ಟೇ ಯಾರೋ ಎದ್ದುಹೋದ ಹಾಗೆ. ಬೆಂಕಿಕಡ್ಡಿ ಗೀರಿದ. ಜೇಡರಬಲೆಯ ಅಡಿಯಲ್ಲಿ ಕೆಂಪು ರೇಷ್ಮೆ ಮಿನುಗಿತು. ಅದರ ಅಂಚಿಗೆ ನರೆಗೂದಲಿನ ಬೂದು ಪಟ್ಟಿ. ಎಲ್ಲ ಕಡೆ ಧೂಳು ಕೂತಿದ್ದರೂ ಆ ಪಟ್ಟಿಯ ಮೇಲೆ ಒಂದು ಕಣವೂ ಇರಲಿಲ್ಲ. ಬೆರಳಿಟ್ಟರೆ ಬೆಚ್ಚಗಿತ್ತು. ಮೇಲಿನ ಹೆಂಚು ಕಾದಿದೆ, ಅದಕ್ಕೇ ಹೀಗೆ ಎಂದುಕೊಂಡು ಅವನು ಕತ್ತರಿ ಆಡಿಸಿದ. ಬಿಗಿದು ನಿಂತಿದ್ದ ಹಾಸಿನ ಎಳೆಗಳು ಚಟಚಟನೆ ಹರಿದವು. ಕೊನೆಯ ಎಳೆ ಹರಿದಾಗ, ತುಂಬಾ ಹೊತ್ತು ಕಟ್ಟಿಹಿಡಿದ ಉಸಿರನ್ನು ಯಾರೋ ಬಿಟ್ಟಂತೆ ಕುಣಿಯೊಳಗಿಂದ ಒಂದು ಸದ್ದು ಬಂತು. ಬಟ್ಟೆಯನ್ನು ಕುಣಿಗೆ ಎಸೆದು ಮೇಲೆ ಮಣ್ಣು ಎಳೆದು, ಮಗ್ಗವನ್ನು ಬಿಚ್ಚಿ ಮರಗಳನ್ನು ಹಿತ್ತಲಿಗೆ ಹಾಕಿದ.

ಅವತ್ತು ಸಂಜೆ ಅನ್ನದಲ್ಲಿ ಒಂದು ಕೂದಲು ಸಿಕ್ಕಿತು. ಉದ್ದನೆಯ ಕೂದಲು. ಹೆಂಡತಿ ಈಶ್ವರಿಯನ್ನು ಛೇಡಿಸುತ್ತಲೇ ಅದನ್ನು ಎಳೆದು ಬಿಸಾಡಿದ. ಮಾರನೆಯ ದಿನ ನೀರಿನ ಚೊಂಬಿನಲ್ಲಿ ಸಿಕ್ಕಿತು. ಆಮೇಲೆ ಮುದ್ದೆ ಮುರಿದರೆ ಒಳಗೆ, ಮಜ್ಜಿಗೆಯಲ್ಲಿ, ಹಾಸಿದ ಚಾಪೆಯ ನಡುವೆ. ಸಿಕ್ಕಿದ್ದೆಲ್ಲ ನರೆಗೂದಲು. ಈಶ್ವರಿಯದು ಕಾಡಿಗೆಯಂಥ ಕಪ್ಪು ಜಡೆ. ಅವಳು ತುಂಬಿದ ಬಸುರಿ. ಸಾರು, ಪಲ್ಯ ಯಾವುದಕ್ಕೂ ಬಾಯಿ ಹಾಕಲು ಹೇಸಿ ದಿನದಿನಕ್ಕೆ ಒಣಗತೊಡಗಿದಳು. ಬಟ್ಟೆ ಕುಯ್ದ ವಿಷಯ ಗೊತ್ತಾದ ಮೇಲೆ ಮುತ್ತಯ್ಯ ಮನೆಯ ಊಟವನ್ನೇ ಮುಟ್ಟಲಿಲ್ಲ. ಅದರಿಂದ ಗುರುಸ್ವಾಮಿಗೆ ಅನುಮಾನ ಬಂತು. ಪವರ್‌ಲೂಮು ಬರಬಾರದು, ಮನೆ ತನ್ನ ಕೈಬಿಡಬಾರದು ಎಂದು ಮುದುಕನೇ ಎಲ್ಲಿಂದಲೋ ಕೂದಲು ತಂದು ಹಾಕುತ್ತಿದ್ದಾನೆ ಎಂದುಕೊಂಡ. ಹಾಗೆಂದು ಮುಖದ ಮೇಲೇ ಹೇಳಿಬಿಟ್ಟ. ಮುತ್ತಯ್ಯನೂ ಸುಮ್ಮನಿರಲಿಲ್ಲ, ಆಸ್ತಿಗೋಸ್ಕರ ಬಂದವನು ನೀನು, ನನ್ನ ಸಾವು ಕಾಯುತ್ತಿದ್ದೀಯ ಎಂದ. ಇಬ್ಬರ ನಡುವೆ ನಿಂತ ಈಶ್ವರಿ ಏನೋ ಹೇಳಲು ಬಾಯಿ ತೆರೆದಳು.

ಮಾತು ಬರಲಿಲ್ಲ.

ಕಣ್ಣು ಅಗಲವಾಯಿತು. ಕೈ ಗಂಟಲಿಗೆ ಹೋಯಿತು. ಗುರುಸ್ವಾಮಿ ಓಡಿಹೋಗಿ ಅವಳನ್ನು ಹಿಡಿದ. ಬಾಯಿಗೆ ಬೆರಳು ಹಾಕಿದ. ನಾಲಿಗೆಯ ಹಿಂದೆ ಏನೋ ಸಿಕ್ಕಿತು. ಎಳೆದ. ಬಂತು. ಒದ್ದೆ ಕೂದಲು. ಇನ್ನೂ ಎಳೆದ. ಇನ್ನೂ ಬಂತು. ಮೊಳದುದ್ದ. ಮಾರುದ್ದ. ಅವಳ ಮುಖ ನೀಲಿಗಟ್ಟಿತು. ಕೊನೆಗೊಂದು ಗಂಟು ಕಿತ್ತು ಬಂತು. ಕೆಂಪು ರೇಷ್ಮೆಯ ಎಳೆ. ಈಶ್ವರಿ ಉಸಿರೆಳೆದುಕೊಂಡು ಅವನ ಎದೆಗೆ ಒರಗಿದಳು.

ಅವನು ಗುದ್ದಲಿ ಹಿಡಿದು ಹಿತ್ತಲ ಕೋಣೆಗೆ ಹೋದ. ಮುಸ್ಸಂಜೆಯಾಗಿತ್ತು, ಬೀದಿಯಲ್ಲಿ ಕರೆಂಟು ಹೋಗಿತ್ತು. ಆ ದರಿದ್ರ ಬಟ್ಟೆಯನ್ನು ಸುಟ್ಟುಬಿಡಬೇಕು, ಅಷ್ಟೇ. ಒಂದೆರಡು ಏಟಿಗೆ ಮಣ್ಣು ಸಡಿಲವಾಯಿತು. ಮಣ್ಣಿನ ತುಂಬ ಬೇರು. ಮುಟ್ಟಿದ. ಬೇರಲ್ಲ. ಕೂದಲು. ಗೋಡೆಯಿಂದ ಗೋಡೆಗೆ, ಕೆಳಗಿಂದ ಮೇಲಕ್ಕೆ, ಮೆತ್ತಗೆ, ಬೆಚ್ಚಗೆ. ಕೈ ಹಿಂದಕ್ಕೆ ಎಳೆದ. ಬರಲಿಲ್ಲ. ಮಣಿಕಟ್ಟಿಗೆ ಏನೋ ಸುತ್ತಿಕೊಳ್ಳುತ್ತಿತ್ತು. ಅವಸರವಿಲ್ಲದೆ, ದಾರ ಸುತ್ತುವವರ ಹಾಗೆ. ಕತ್ತಲಲ್ಲಿ, ಮರದ ತುಂಡೂ ಉಳಿದಿಲ್ಲದ ಆ ಜಾಗದಲ್ಲಿ, ಮಗ್ಗ ಆಡಿತು. ಲಟಕ್. ಲಟಕ್. ಅವನು ಕಿರುಚಿದ. ದೀಪ ಹಿಡಿದು ಬಂದ ಮುತ್ತಯ್ಯ ಕುಡುಗೋಲಿನಿಂದ ಆ ಸುತ್ತನ್ನು ಹರಿದು ಅವನನ್ನು ಹೊರಗೆಳೆದ. ಮಣಿಕಟ್ಟಿನ ಚರ್ಮ ಬಳೆಯ ಹಾಗೆ ಸುತ್ತಲೂ ಸುಲಿದಿತ್ತು.

ಮುತ್ತಯ್ಯ ಅಲ್ಲೇ ಕುಸಿದು ಕುಳಿತು ಬಚ್ಚಿಟ್ಟಿದ್ದ ಮಾತನ್ನು ಹೊರಹಾಕಿದ. ಮನೆಯ ಹಿಂದಿನ ಅರ್ಧ ಕಟ್ಟಿಸಿದ್ದು ಮಹದೇವಮ್ಮನ ದುಡಿಮೆಯಲ್ಲಿ, ಅವಳ ಒಡವೆ ಮಾರಿದ ದುಡ್ಡಿನಲ್ಲಿ. ಅದು ನಿನ್ನ ಪಾಲು ಎಂದು ಅವನೇ ದೇವರ ಮುಂದೆ ಮಾತು ಕೊಟ್ಟಿದ್ದ. ಈಶ್ವರಿಯನ್ನು ಎತ್ತಿ ಆಡಿಸಿ ಬೆಳೆಸಿದವಳೂ ಅವಳೇ.

"ಮತ್ಯಾಕೆ ಕಳಿಸಿದ್ರಿ?" ಎಂದು ಕೇಳಿದ ಗುರುಸ್ವಾಮಿ.

"ನಿಮ್ಮ ಕಡೆಯೋರೇ ಕೇಳಿದ್ರಲ್ಲಪ್ಪ. ಮನೇಲಿ ಇನ್ಯಾರ್ಗೂ ಪಾಲಿರಕೂಡ್ದು, ಇದ್ರೆ ಸಂಬಂಧ ಬ್ಯಾಡ ಅಂತ."

ಗುರುಸ್ವಾಮಿ ತಲೆ ತಗ್ಗಿಸಿದ. ಆ ಷರತ್ತು ಹಾಕಿದವನು ಅವನ ಅಣ್ಣ. ಆದರೆ ಅದಕ್ಕೆ ಆಗಲಿ ಎಂದು ತಲೆಯಾಡಿಸಿದವನು ಗುರುಸ್ವಾಮಿಯೇ. ನರಸೀಪುರದ ಕಡೆಯ ಅವನ ಊರಲ್ಲಿ ಅಪ್ಪ ಚಿಕ್ಕಪ್ಪಂದಿರು ಪಾಲಿಗಾಗಿ ಹೊಡೆದಾಡಿ, ಇದ್ದ ಹೊಲವೆಲ್ಲ ಕೋರ್ಟಿಗೆ ಸುರಿದಿದ್ದರು. ಅಪ್ಪ ಸತ್ತಾಗ ಚಿಕ್ಕಪ್ಪ ಹೆಣ ನೋಡಲೂ ಬರಲಿಲ್ಲ. ತನ್ನದೆಂಬ ಒಂದು ಗೋಡೆಯಾದರೂ ಇರಬೇಕು, ಅದನ್ನು ಯಾರೂ ಹಂಚಿಕೊಳ್ಳಬಾರದು ಎಂಬ ಹಟ ಅಂದಿನಿಂದಲೇ ಅವನೊಳಗೆ ಬೆಳೆದಿತ್ತು.

"ಅಗರದಲ್ಲವ್ಳೆ, ಓಗಿ ಕರ್ಕಂಡ್ ಬಾ. ಅವ್ಳ ಅರ್ಧ ಅವ್ಳಿಗೆ ಕೊಟ್ಬುಡ್ತೀನಿ. ನನ್ನ ಮಗ್ಳು ಉಳುದ್ರೆ ಸಾಕು," ಎಂದ ಮುತ್ತಯ್ಯ.

ಬೆಳಿಗ್ಗೆ ಯಳಂದೂರಿನ ಬಸ್ಸು ಹತ್ತಿ ಗುರುಸ್ವಾಮಿ ಅಗರದಲ್ಲಿ ಇಳಿದ. ಅಲ್ಲಿ ದೊಡ್ಡಮಾದಪ್ಪ ಎಂಬ ಸಾಹುಕಾರನ ಕೊಟ್ಟಿಗೆಗೆ ಅಂಟಿಕೊಂಡಿದ್ದ ಕೋಣೆಯಲ್ಲಿ, ಸಗಣಿಯ ವಾಸನೆಯ ನಡುವೆ, ಮಹದೇವಮ್ಮ ಹಲಸಂದೆ ಬಿಡಿಸುತ್ತ ಕೂತಿದ್ದಳು. ತಲೆಯಲ್ಲಿ ಕೂದಲು ಮತ್ತೆ ಬೆಳೆದಿರಲಿಲ್ಲ. ಅವನು ಹೇಳಿದ್ದನ್ನು ಕೇಳುತ್ತ ಕೇಳುತ್ತ ಅವಳು ಮೊರವನ್ನು ಪಕ್ಕಕ್ಕೆ ಸರಿಸಿದಳು. ಅದನ್ನು ಕುಯ್ಯುವ ಧೈರ್ಯ ಯಾರಿಗೂ ಬರಲಾರದು ಎಂದುಕೊಂಡಿದ್ದೆ, ನನ್ನ ಈಶ್ವರಿಗೆ ತಗುಲುತ್ತದೆಂದು ಕನಸಲ್ಲೂ ಎಣಿಸಿರಲಿಲ್ಲ ಎಂದು ಅತ್ತಳು.

"ಬಾಯಿಂದ ಬಿದ್ದದ್ದು ನನ್ನ ಕೈಲಿಲ್ಲ ಕಣಪ್ಪ. ನನ್ನ ಪಾಲು ನನಗೆ ಬಂದ್ರೆ ಅದೇ ಕುಣೀಲಿ ಕೂತು ಆ ಬಟ್ಟೆ ನೇಯ್ದು ಮುಗಿಸ್ತೀನಿ. ಆವಾಗ ಬುಡ್ತದೆ."

ಹೌದು ಎನ್ನಲು ಅವನಿಗೆ ಒಂದೇ ಮಾತು ಸಾಕಿತ್ತು. ಅಷ್ಟು ಹೇಳಲೆಂದೇ ಬಂದವನು. ಆದರೆ ಅವಳು ಬಟ್ಟೆಗಂಟು ಹೊತ್ತು ಆ ಹೊಸಿಲು ದಾಟಿ ಬರುವ ಚಿತ್ರ ಕಣ್ಣೆದುರು ಬಂತು. ಹಿತ್ತಲ ಕೋಣೆ, ಪವರ್‌ಲೂಮು, ನಾಳೆ ಹುಟ್ಟುವ ಮಗುವಿನ ಪಾಲು. ಗಂಟಲವರೆಗೆ ಬಂದ ಮಾತು ಅಲ್ಲೇ ತಿರುಗಿಕೊಂಡಿತು.

"ಮನೆ ನಮ್ಮ ಕೈಬಿಟ್ಟೋಯ್ತು ಅತ್ತೆ. ಅಡ ಇಟ್ಟಿದ್ದು ಮುಳುಗೋಯ್ತು. ಈಗ ಅದ್ರಲ್ಲೇ ಬಾಡಿಗೆಗೆ ಇದ್ದೀವಿ," ಎಂದ.

ಮಹದೇವಮ್ಮ ಅವನ ಮುಖವನ್ನೇ ನೋಡಿದಳು.

"ಇಲ್ದೇ ಇರೋದ್ನ ನಾನು ಕೇಳಾಕಿಲ್ಲ. ಅಂಗೇ ಬಂದು ಮುಗಿಸ್ಕೊಡ್ತೀನಿ. ಆದ್ರೆ ಇಲ್ಲ ಅನ್ನೋದು ನಿಜ ಅಂತ ನಿನ್ನ ಎಡ್ತಿ ಮ್ಯಾಲೆ, ಅವ್ಳ ಒಟ್ಟೇಲಿರೋದ್ರ ಮ್ಯಾಲೆ ಆಣೆ ಮಾಡು."

ಮಣಿಕಟ್ಟಿನ ಗಾಯ ಇನ್ನೂ ಹಸಿಯಾಗಿತ್ತು. ಆದರೂ ಅವನ ಬುದ್ಧಿ ಹಳೆಯ ದಾರಿಯಲ್ಲೇ ಓಡಿತು. ಬಾಯಿ ಮಾತು ತಾನೇ ಎಂದುಕೊಂಡು ಆಣೆ ಮಾಡಿದ.

ಊರಿಗೆ ಬಂದು ಮುತ್ತಯ್ಯನಿಗೆ ಇನ್ನೊಂದು ಸುಳ್ಳು ಹೇಳಿದ. ಅತ್ತೆ ನಾಳೆ ಬಂದು ಬಟ್ಟೆ ನೇಯ್ದು ಮುಗಿಸಿ ಹೋಗುತ್ತಾಳೆ, ತನ್ನ ಪಾಲನ್ನು ಈಶ್ವರಿಯ ಹೆರಿಗೆಯಾದ ಮೇಲೆ ವಹಿಸಿಕೊಳ್ಳುತ್ತಾಳೆ, ಅಲ್ಲಿಯತನಕ ನಿಮ್ಮ ಮುಖ ನೋಡಲು ಅವಳಿಗೆ ಇಷ್ಟವಿಲ್ಲವಂತೆ ಎಂದ. ಹೀಗಾಗಿ ಮಾರನೆಯ ದಿನ ಅವಳು ಬಂದಾಗ ಅಣ್ಣ ಜಗಲಿಯಲ್ಲಿ ಗೋಡೆಗೆ ಮುಖ ಮಾಡಿ ಕೂತ. ತಂಗಿ ಸೆರಗು ಮುಚ್ಚಿಕೊಂಡು ಅವನ ಪಕ್ಕದಲ್ಲೇ ಹಾದು ಒಳಗೆ ಹೋದಳು. ಒಂದು ಮಾತು ಆಡಿದ್ದರೆ ಸುಳ್ಳು ಬಯಲಾಗುತ್ತಿತ್ತು. ಇಬ್ಬರೂ ಆಡಲಿಲ್ಲ.

ಅವಳು ಕುಣಿಯ ಬಳಿ ಕೂತು ಕೈ ಹಾಕಿದಳು. ಮಣ್ಣು ಬರೀ ಮಣ್ಣಾಗಿತ್ತು. ಬಟ್ಟೆಯನ್ನು ಎತ್ತಿ ಕೊಡವಿ, ಗುರುಸ್ವಾಮಿ ಕುಣಿ ತೋಡಿ ಮರುಜೋಡಿಸಿಕೊಟ್ಟ ಮಗ್ಗಕ್ಕೆ ಹರಿದ ಎಳೆಗಳನ್ನೆಲ್ಲ ಒಂದೊಂದಾಗಿ ಗಂಟುಹಾಕಿ ನೇಯಲು ಕೂತಳು. ದಿನವಿಡೀ ಲಾಳಿ ಆಡಿತು. ಬೂದು ಪಟ್ಟಿಯ ಮುಂದೆ ಕೆಂಪು ರೇಷ್ಮೆ ಬೆಳೆಯಿತು. ನಡುಮನೆಯಲ್ಲಿ ಮಲಗಿದ್ದ ಈಶ್ವರಿ ಒಂದು ಸಲ ಕೆಮ್ಮಿ, ಬಾಯಿ ತುಂಬ ಗಂಜಿ ಕುಡಿದು, ಅತ್ತೇ ಎಂದು ಕೂಗಿದಳು. ಮಹದೇವಮ್ಮ ಬಂದು ಅವಳ ಕೆನ್ನೆ ಸವರಿದಳು. ಬಟ್ಟೆಯನ್ನು ತಾನೇ ಕುಯ್ದು, ಮಡಿಸಿ ಕಂಕುಳಲ್ಲಿಟ್ಟುಕೊಂಡು, ಗುರುಸ್ವಾಮಿ ಕೊಟ್ಟ ದುಡ್ಡನ್ನು ಮುಟ್ಟದೆ ಬಸ್ಸಿಗೆ ಹೊರಟಳು.

ಆ ಸಂಜೆಯ ಅನ್ನ ಬೆಳ್ಳಗಿತ್ತು. ಈಶ್ವರಿ ಎರಡು ಸಲ ಬಡಿಸಿಕೊಂಡು ತಿಂದಳು. ಬಹಳ ದಿನದ ಮೇಲೆ ನಕ್ಕಳು. ಗುರುಸ್ವಾಮಿ ಹತ್ತಿರ ಹೋಗಿ ಅವಳ ಹೆಗಲ ಮೇಲೆ ಕೈಯಿಟ್ಟ.

ನಗು ನಿಂತಿತು. ಉಸಿರು ನಿಂತಿತು. ತುಟಿಯ ನಡುವೆ ಒಂದು ನರೆಗೂದಲು ಮೂಡಿತು.

ಅವನು ಬೆಚ್ಚಿ ಹಿಂದೆ ಸರಿದ. ಅವಳು ಉಸಿರಾಡಿದಳು. ಒಂದು ಹೆಜ್ಜೆ ಮುಂದಿಟ್ಟ. ಗಂಟಲು ಕಟ್ಟಿತು. ಹಿಂದಿಟ್ಟ. ಬಿಟ್ಟಿತು. ಮುಂದೆ. ಹಿಂದೆ. ಈಶ್ವರಿ ಗೋಡೆಗೆ ಒತ್ತಿಕೊಂಡು ಎರಡೂ ಕೈ ಚಾಚಿ ಅವನನ್ನು ತಡೆದಳು. ಅವಳ ಕಣ್ಣು ಹೆದರಿದ್ದು ಕೂದಲಿಗಲ್ಲ, ಅವನಿಗೆ.

ತಾನು ಮಾಡಿದ ಸುಳ್ಳು ಆಣೆ ನೆನಪಾಗಿ, ಬೆಳಗಿನ ಮೊದಲ ಬಸ್ಸಿಗೇ ಅವನು ಅಗರಕ್ಕೆ ಓಡಿದ. ಅರ್ಧವಲ್ಲ, ಇಡೀ ಮನೆ ಕೊಡುತ್ತೇನೆ ಎಂದು ದಾರಿಯುದ್ದಕ್ಕೂ ಹೇಳಿಕೊಂಡ. ಕೊಟ್ಟಿಗೆಯ ಮುಂದೆ ದೊಡ್ಡಮಾದಪ್ಪ ತಲೆಗೆ ಟವೆಲು ಸುತ್ತಿ ನಿಂತಿದ್ದ. ಕೊಳ್ಳೇಗಾಲದಿಂದ ಬಂದು ಮಲಗಿದ ಮುದುಕಿ ಬೆಳಿಗ್ಗೆ ಏಳಲಿಲ್ಲವೆಂದ. ಮಹದೇವಮ್ಮ ಚಾಪೆಯ ಮೇಲೆ ಮಲಗಿದ್ದಳು, ಎದೆಯ ಮೇಲೆ ಆ ಕೆಂಪು ಬಟ್ಟೆ. ಗುರುಸ್ವಾಮಿ ಬಗ್ಗಿ ಅವಳ ಕಿವಿಯ ಬಳಿ ಬಾಯಿಟ್ಟು, ಮನೆ ಇದೆ ಅತ್ತೆ, ನಾನು ಹೇಳಿದ್ದು ಸುಳ್ಳು, ಮನೆ ಇದೆ ಎಂದ. ಸುತ್ತ ನಿಂತವರು ದುಃಖದಿಂದ ಬುದ್ಧಿಗೆಟ್ಟ ಬಂಧುವೆಂದು ಅವನನ್ನು ಹಿಡಿದು ಎಬ್ಬಿಸಿದರು.

ಸುಳ್ಳು ಆಡಿದ್ದು ತಿಳಿದ ಮೇಲೆ ಮುತ್ತಯ್ಯ ಅಳಿಯನ ಜೊತೆ ಮತ್ತೆ ಮಾತಾಡಲಿಲ್ಲ. ತಂಗಿ ತನ್ನ ಪಕ್ಕದಲ್ಲೇ ಹಾದುಹೋದ ಆ ಗಳಿಗೆಯನ್ನು ನೆನೆಸಿಕೊಂಡು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದ. ಗುರುಸ್ವಾಮಿ ಅದೇ ಬೀದಿಯ ಕೊನೆಯಲ್ಲಿ ಬಾಡಿಗೆ ಕೋಣೆ ಹಿಡಿದ. ಮನೆ ಇದ್ದೂ ಬಾಡಿಗೆಗೆ ಬಿದ್ದ ಎಂದು ಜನ ಆಡಿಕೊಂಡರು. ಹೆಣ್ಣು ಮಗು ಹುಟ್ಟಿದ ಸುದ್ದಿ ಅವನಿಗೆ ತಿಳಿದದ್ದು ಹಾಲಿನವಳಿಂದ.

ಮಗು ಕತ್ತು ನಿಲ್ಲಿಸುವ ಹೊತ್ತಿಗೆ ಈಶ್ವರಿಯೇ ಹೇಳಿಕಳಿಸಿದಳು. ಮಗು ಏನು ಮಾಡಿದೆ, ಅದಕ್ಕೇನೂ ಆಗಲಾರದು ಎಂಬ ಆಸೆ ಅವಳಿಗೂ ಇತ್ತು. ಮಟಮಟ ಮಧ್ಯಾಹ್ನ ಅವನು ಬಂದ. ಅವಳು ಮಗುವನ್ನು ನಡುಮನೆಯಲ್ಲಿ ಕೌದಿಯ ಮೇಲೆ ಮಲಗಿಸಿ ದೂರದ ಮೂಲೆಗೆ ಹೋಗಿ ನಿಂತಳು. ಮಗು ಅವನನ್ನು ನೋಡಿ ಕಾಲು ಬಡಿಯಿತು. ಗುರುಸ್ವಾಮಿ ಮಂಡಿಯೂರಿದ. ಹಿಂಜರಿದ. ಎತ್ತಿಕೊಂಡ. ಹಾಲಿನ ವಾಸನೆ, ಮೆತ್ತನೆ ಮೈ. ಅದು ಅವನ ಗಲ್ಲ ಹಿಡಿಯಿತು. ಅವನು ಹೆಂಡತಿಯತ್ತ ನೋಡಿ ನಗಲು ಹೋದ.

ಹಿಡಿದ ಬೆರಳು ಸಡಿಲವಾಯಿತು. ಹಲ್ಲಿಲ್ಲದ ಬಾಯಿ ತೆರೆಯಿತು. ಸದ್ದಿಲ್ಲ.

ಈಶ್ವರಿ ಕೂಗಲಿಲ್ಲ. ಓಡಿಬಂದಳು. ಅವನ ಹತ್ತಿರ ಬರುತ್ತಲೇ ಅವಳ ಉಸಿರೂ ಕಟ್ಟಿತು. ಆದರೂ ಮಗುವನ್ನು ಕಿತ್ತುಕೊಂಡು ಒಳಕೋಣೆಯ ಕಡೆ ಸರಿದಳು. ಬೆರಳು ಹಾಕಿ ಎಳೆದಳು, ಸೆರಗಿನಿಂದ ಅದರ ಬಾಯಿ ಒರೆಸಿದಳು, ಆಮೇಲೆ ತನ್ನದನ್ನೂ.

"ದೂರ ಓಗಿ," ಎಂದಳು, ಮೆಲ್ಲಗೆ, ಬೈಯುವ ದನಿಯಲ್ಲೂ ಅಲ್ಲ. "ಈ ಊರಲ್ಲೂ ಇರ್ಬ್ಯಾಡಿ. ನೀವಿದ್ದೀರಾ ಅಂತ ಗೊತ್ತಿದ್ರೆ ನಾನೇ ಇನ್ನೊಂದ್ಸಲಿ ಕರುದ್ಬುಡ್ತೀನಿ."

ಅವನು ಹೊರಬಿದ್ದ. ಹಿಂದೆ ಅಗುಳಿ ಬಿತ್ತು. ಬಿಸಿಲು ಸುರಿಯುವ ಬೀದಿಯಲ್ಲಿ ನಿಂತು ಕಿವಿಗೊಟ್ಟ. ಎಷ್ಟೋ ಹೊತ್ತು ಏನೂ ಇಲ್ಲ. ಆಮೇಲೆ ಒಳಗೆ ಮಗು ಅಳತೊಡಗಿತು, ಜೋರಾಗಿ, ಎದೆ ತುಂಬ ಉಸಿರೆಳೆದುಕೊಂಡು. ಆ ಅಳು ನಿಲ್ಲುವ ಮೊದಲೇ ಗುರುಸ್ವಾಮಿ ಬೀದಿ ದಾಟಿ ಊರಾಚೆಯ ದಾರಿ ಹಿಡಿದಿದ್ದ.