ಮುಂದಿನ ಮಾಡೆಲ್ ಬರುವವರೆಗೆ

"ಈಗ ತಗೋಬೇಡಿ ಮೇಡಂ. ಸ್ವಲ್ಪ ಕಾಯಿರಿ... ಸದ್ಯದಲ್ಲೇ ಹೊಸ ಮಾಡೆಲ್ ಬರುತ್ತೆ!"

ಲ್ಯಾಪ್‌ಟಾಪ್ ಅಂಗಡಿಯ ಕೌಂಟರಿನ ಆಚೆ ಬಗ್ಗಿ ವೈರು ಸುತ್ತುತ್ತಿದ್ದವನು ತಲೆಯೆತ್ತದೆಯೇ ಹೇಳಿದ. ಹೇಳಿ ಮುಗಿಸಿ ತಲೆಯೆತ್ತಿದ. ಅಷ್ಟೇ! ಕೈಯಲ್ಲಿದ್ದ ವೈರು ಜಾರಿ ನೆಲಕ್ಕೆ ಬಿತ್ತು.

ಅವಳು ಮಾತ್ರ ಅಲ್ಲಾಡಲಿಲ್ಲ.

'ಇವನು... ಇಲ್ಲಿ?'

ಎದೆ ಧಸಕ್ಕೆನ್ನಬೇಕಿತ್ತು. ಎನ್ನಲಿಲ್ಲ. ಸಿಟ್ಟು ಬರಬೇಕಿತ್ತು, ಕೊನೆಗೆ ಅಳುವಾದರೂ ಬರಬೇಕಿತ್ತು. ಊಹೂಂ. ಹಲ್ಲು ಕೀಳುವ ಮೊದಲು ಇಂಜೆಕ್ಷನ್ ಕೊಟ್ಟಾಗ ಕೆನ್ನೆ ಇರುತ್ತದಲ್ಲ, ಹಾಗಿತ್ತು ಅವಳ ಮನಸ್ಸು. ಇವನಿಗೆ ಫೋನ್ ಮಾಡುವುದನ್ನು ಬಿಟ್ಟ ದಿನದಿಂದಲೂ ಹಾಗೇ.

"ಏನಪ್ಪಾ ನೀನು! ಅಂಗಡಿಯಲ್ಲಿ ಕೂತು ಕೊಳ್ಳಬೇಡಿ ಅಂತೀಯಲ್ಲ?" ಪಕ್ಕದ ಸ್ಟೂಲಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಚಿಕ್ಕಮ್ಮ ನಕ್ಕರು. "ನಿನ್ನ ಯಜಮಾನರು ಕೇಳಿಸಿಕೊಂಡರೆ ಮನೆಗೆ ಕಳಿಸ್ತಾರೆ ನೋಡು."

"ದಿನಾ ಬೈತಾರೆ ಅಮ್ಮಾ..." ಅವನ ಕಣ್ಣು ಇನ್ನೂ ಅವಳ ಮೇಲೇ ಇತ್ತು. "ಕೊಂಡ ವಾರಕ್ಕೇ ಹೊಸದು ಬಂದರೆ ಜನ ಬಂದು ಹೊಟ್ಟೆ ಉರ್ಕೊಳ್ತಾರೆ. ಅದಕ್ಕೇ ಎಲ್ಲರಿಗೂ ಕಾಯಿರಿ ಅಂತೀನಿ."

ಎಲ್ಲರಿಗೂ! ಹೌದು, ಅವಳಿಗೂ ಅದನ್ನೇ ಹೇಳಿದ್ದ.

ಆಗ ಇವನು ಒಂದು ಪುಟ್ಟ ರಿಪೇರಿ ಅಂಗಡಿಯಲ್ಲಿದ್ದ. ಮನೆಯಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ಶಾಲೆಯ ಪುಸ್ತಕಗಳ ಪುಟವಿನ್ಯಾಸ ಮಾಡುವ ಅವಳು, ಕೆಟ್ಟುಹೋದ ಲ್ಯಾಪ್‌ಟಾಪ್ ಹಿಡಿದು ಹೋಗಿದ್ದಳು. ಲ್ಯಾಪ್‌ಟಾಪ್ ಸರಿಹೋಯಿತು, ಇವಳ ತಲೆ ಕೆಟ್ಟಿತು. ಪ್ರೀತಿ ಅಂದರೆ ಅಂಥಿಂಥ ಪ್ರೀತಿಯಲ್ಲ! ಆದರೆ "ಮನೆಗೆ ಬಾ, ಚಿಕ್ಕಮ್ಮನ ಹತ್ತಿರ ಮಾತಾಡು" ಎಂದಾಗಲೆಲ್ಲ ಅವನ ಬಾಯಲ್ಲಿ ಒಂದೇ ಉತ್ತರ: "ಸ್ವಲ್ಪ ಕಾಯಿ."

ಕಾದಳು, ಕಾದಳು. ಒಂದು ದಿನ ಫೋನ್ ಮಾಡುವುದನ್ನೇ ಬಿಟ್ಟಳು. ಆಮೇಲೆ ಅವನು ಮಾಡಿದಾಗ ಎತ್ತಲಿಲ್ಲ.

"ಕಾಯೋಕಾಗಲ್ಲಪ್ಪ," ಚಿಕ್ಕಮ್ಮ ಹೇಳುತ್ತಿದ್ದರು. "ಹಳೇದರ ಕತ್ತು ಮುರಿದಿದೆ. ಹಿಂದೆ ದಪ್ಪ ನಿಘಂಟು ಒತ್ತು ಕೊಟ್ಟರೇನೇ ಪರದೆ ನಿಲ್ಲೋದು. ಬೇರೆ ತಗೊಳ್ಳೇ ಅಂದರೆ 'ನೋಡೋಣ' ಅಂತಾಳೆ. ಊಟಕ್ಕೂ ನೋಡೋಣ, ನಿದ್ದೆಗೂ ನೋಡೋಣ! ಇವಳಿಗೊಂದು ಸಂಬಂಧ ಬಂದಿದೆ. ಸಂಜೆ ಹೂಂ, ಊಹೂಂ ಏನಾದರೂ ಹೇಳಬೇಕು. ಅದಕ್ಕೆ ಏನಂದಳು ಗೊತ್ತಾ? 'ನೀವೇ ಏನಾದರೂ ಹೇಳಿಬಿಡಿ' ಅಂತೆ!"

ಅವನ ಮುಖ ಬಿಳಿಚಿಕೊಂಡಿತು.

"ಸಂಜೆಗೇ ಹೇಳಬೇಕಾ? ಸ್ವಲ್ಪ ದಿನ... ಸ್ವಲ್ಪ ದಿನ ಕಾಯೋಕಾಗಲ್ವಾ?"

ಇಂಥವನಿಗೆ ಏನು ಹೇಳಬೇಕು, ನೀವೇ ಹೇಳಿ!

ಅವಳ ಕಿವಿ ಬಿಸಿಯಾಯಿತು. ಮೊದಲು ಕಿವಿ, ಆಮೇಲೆ ಕುತ್ತಿಗೆ, ಆಮೇಲೆ ಎದೆ. ಏನಿದು ಎಂದು ಒಂದು ಕ್ಷಣ ಅವಳಿಗೇ ತಿಳಿಯಲಿಲ್ಲ. ಸಿಟ್ಟು! ಎಷ್ಟು ಕಾಲವಾಗಿತ್ತು ಅದನ್ನು ಕಂಡು!

"ಮತ್ತೆ ಅದೇ ಮಾತಾ?" ಅವಳು ಕೌಂಟರಿನ ಮೇಲೆ ಬಗ್ಗಿದಳು. "ಯಾಕೆ ಕಾಯಬೇಕು? ನನಗಿಂತ ಒಳ್ಳೆ ಮಾಡೆಲ್ ಬರುತ್ತಾ ಅಂತ ನೋಡೋದಕ್ಕಾ? ಆಗಲೂ ಅದಕ್ಕೇ ತಾನೇ ಕಾಯಿಸಿದ್ದು?"

"ಏನು? ನಿನಗಿಂತ...?" ಅವನು ದಂಗಾದ. "ಹಾಗಂದುಕೊಂಡಿದ್ಯಾ ಇಷ್ಟು ದಿನ?"

"ಮತ್ತಿನ್ನೇನು ಅಂದ್ಕೋಬೇಕಿತ್ತು?"

"ಅಯ್ಯೋ... ಕಾದಿದ್ದು ನಿನಗಿಂತ ಒಳ್ಳೆಯವಳಿಗಲ್ಲ ಕಣೇ. ನನಗಿಂತ ಒಳ್ಳೆ ನನಗೆ! ಒಂದು ನೆಟ್ಟಗಿನ ಕೆಲಸ, ಒಂದು ನೆಟ್ಟಗಿನ ಮನೆ ಇರೋ ನಾನು ಬರಲಿ, ಆಮೇಲೆ ನಿನ್ನ ಮನೆ ಬಾಗಿಲು ತಟ್ಟೋಣ ಅಂತ. ಈ ಕೆಲಸ ಸಿಕ್ಕ ದಿನವೇ ಫೋನ್ ಮಾಡಿದೆ. ನೀನು ಎತ್ತಲಿಲ್ಲ. ಇನ್ನೂ ಸ್ವಲ್ಪ ಮೇಲೆ ಬಂದ ಮೇಲೆ ಹೋಗೋಣ ಅಂತ ಮತ್ತೆ..."

"ಮತ್ತೆ ಕಾದೆ," ಅವಳೇ ಮುಗಿಸಿದಳು.

"ಹೂಂ. ದಡ್ಡ ನಾನು."

ಚಿಕ್ಕಮ್ಮ ಇವನ ಮುಖ ನೋಡಿದರು, ಅವಳ ಮುಖ ನೋಡಿದರು. "ಈ 'ಮೇಡಂ' ಅನ್ನೋದು ಹೋಗಿ 'ಕಣೇ' ಅನ್ನೋದು ಯಾವಾಗ ಶುರುವಾಯ್ತಪ್ಪಾ?"

ಅವಳ ಕಣ್ಣಿಂದ ಒಂದು ಹನಿ ಕೌಂಟರಿನ ಗಾಜಿನ ಮೇಲೆ ಬಿತ್ತು. ಅವಳು ಅದನ್ನೇ ನೋಡುತ್ತ ನಿಂತಳು. ಅಳು ಬಂದಿತ್ತು! ಇನ್ನೂ ಖುಷಿಯೇನಲ್ಲ, ಮರಗಟ್ಟಿದ ಕಾಲಿಗೆ ರಕ್ತ ಹರಿಯುವಾಗಿನ ಜುಮುಜುಮು ನೋವು. ಆದರೂ ಅದು ಅವಳದೇ ನೋವು.

"ನನಗೆ ಹೊಸ ಮಾಡೆಲ್ ಬೇಡ," ಎಂದಳು ನಿಧಾನವಾಗಿ. "ಹಳೇ ಅಂಗಡಿಯಲ್ಲಿ ಕೈಗೆಲ್ಲ ಮಸಿ ಮಾಡಿಕೊಂಡು ಕೂತಿರ್ತಿದ್ದನಲ್ಲ, ಅವನೇ ಸಾಕಾಗಿತ್ತು. ಒಂದು ಸಲವಾದರೂ ನನ್ನನ್ನ ಕೇಳಬಹುದಿತ್ತು."

"ಈಗ ಕೇಳಲಾ?"

"ನನ್ನನ್ನಲ್ಲ." ಅವಳು ಚಿಕ್ಕಮ್ಮನ ಕಡೆ ಕಣ್ಣು ತೋರಿಸಿದಳು.

ಅವನು ಕೌಂಟರ್ ಸುತ್ತಿ ಈಚೆ ಬಂದ. ಗಿರಾಕಿಗಳ ಮುಂದೆ ಗಡಗಡ ಮಾತಾಡುವವನ ನಾಲಿಗೆ ಈಗ ಒಣಗಿತ್ತು. "ಅಮ್ಮಾ... ಇವಳನ್ನ ನನಗೆ ಕೊಡ್ತೀರಾ? ಸದ್ಯಕ್ಕೆ ನಾನು ಇರೋದು ಹೀಗೇ."

"ಲ್ಯಾಪ್‌ಟಾಪ್ ತಗೊಳ್ಳೋಕೆ ಬಂದರೆ ಹುಡುಗೀನೇ ಕೇಳ್ತಾನಲ್ಲಪ್ಪಾ!" ಚಿಕ್ಕಮ್ಮ ಬೈಯುವ ದನಿ ಮಾಡಿದರೂ ಅವಳ ಒದ್ದೆ ಕೆನ್ನೆ ನೋಡಿ ಮೆತ್ತಗಾದರು. "ಏನೇ, ಇದಕ್ಕೂ 'ನೋಡೋಣ'ವಾ?"

"ಇಲ್ಲ ಚಿಕ್ಕಮ್ಮಾ. ಇದು ಬೇಕು." ಅವಳು ಅಂಗೈಯಿಂದ ಕೆನ್ನೆ ಒರೆಸಿಕೊಂಡಳು. "ಆ ಸಂಬಂಧಕ್ಕೆ ಬೇಡ ಅಂದುಬಿಡಿ."

"ಸರಿ. ನಾಲ್ಕು ಮಾತು ವಿಚಾರಿಸಬೇಕು. ಮನೆಗೆ ಬಾರಪ್ಪಾ."

ಚಿಕ್ಕಮ್ಮ ಬಾಗಿಲ ಕಡೆ ನಡೆದರು. ಅವಳು ಕೌಂಟರಿನ ಮೇಲಿದ್ದ, ಇವತ್ತು ಸಿಗುವ ಲ್ಯಾಪ್‌ಟಾಪಿನ ಡಬ್ಬಿಯನ್ನು ಅವನ ಕೈಗಿತ್ತಳು.

"ಇದನ್ನೇ ಬಿಲ್ ಮಾಡು. ಮನೆಗೆ ಬಂದು ನೀನೇ ಶುರು ಮಾಡಿಕೊಡಬೇಕು."

"ಮುಂದಿನ ವಾರ ಇದಕ್ಕಿಂತ ಒಳ್ಳೇದು ಬಂದುಬಿಟ್ಟರೆ?"

"ಬರಲಿ ಬಿಡು."

ಅವನು ಡಬ್ಬಿಯನ್ನು ಎದೆಗೊತ್ತಿಕೊಂಡ. "ಮನೆಗೆ... ಯಾವಾಗ ಬರಲಿ?"

ಅವಳು ಅವನ ಅಂಗಿಯ ತೋಳು ಹಿಡಿದು ಎಳೆದಳು.

"ಈಗ."