ಹೊಸ್ತಿಲ ಮುಂದಿನ 142857

ನನ್ನ ಹೆಂಡತಿ ರೇಣು ಸುರೇಬಾನದ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ದಿನಾ ಬೆಳಿಗ್ಗೆ ರಂಗೋಲಿಯ ನಡುವೆ 142857 ಎಂದು ಬರೆಯುವಳು.

"ಆರರ ತನಕ ಯಾವುದರಿಂದ ಗುಣಿಸಿದ್ರೂ ಅವೇ ಅಂಕಿ ಸುತ್ತು ಹೊಡಕೊಂತ ಬರ್ತಾವ್ರಿ. ಏಳರಿಂದ ಗುಣಿಸಿದ್ರ ಬರೀ ಒಂಬತ್ತರ ಸಾಲು. ಅಲ್ಲಿಗೆ ಅದರ ಆಟ ಮುಗದಂಗ," ಎನ್ನುವಳು.

ಸಾವಾದ ಮನೆಯ ಮುಂದೆ ರಂಗೋಲಿ ಹಾಕುವುದಿಲ್ಲ. ಆದರೂ ಅವಳನ್ನು ಮಣ್ಣು ಮಾಡಿ ಬಂದ ಮರುದಿನ ಹೊಸ್ತಿಲ ಮುಂದೆ 142857 ಇತ್ತು. ಅದರ ಮಾರನೆಯ ದಿನ ದುಪ್ಪಟ್ಟು, 285714. ಆಮೇಲೆ ಮೂರು ಪಟ್ಟು, 428571. ಸುಡು ಬೇಸಿಗೆಯಲ್ಲೂ ಅಂಕಿ ಮೂಡಿದ ಹಾಸುಗಲ್ಲು ತಣ್ಣಗಿರುತ್ತಿತ್ತು. ಹೀಗೇ ಆರು ದಿನ.

ಏಳನೆಯ ಬೆಳಿಗ್ಗೆ ಹೊರಗೆ ಅವಳ ಬಳೆಯ ಸದ್ದಾಯಿತು. ಆ ಒಂಬತ್ತುಗಳನ್ನು ನೋಡುವ ಧೈರ್ಯವಾಗಲಿಲ್ಲ. ಹೇಡಿ ನಾನು, ಚಿಲಕ ತೆಗೆಯಲಿಲ್ಲ. ಬಹಳ ಹೊತ್ತಿನ ಮೇಲೆ ಸದ್ದು ನಿಂತಿತು.

ಮಧ್ಯಾಹ್ನ ಬಾಗಿಲು ತೆರೆದರೆ ಅಂಕಿಯೇ ಇರಲಿಲ್ಲ. ರಂಗೋಲಿ ಪುಡಿಯ ಎರಡು ಹೆಜ್ಜೆಗಳಿದ್ದವು, ಬಾಗಿಲಿಗೆ ಮುಖ ಮಾಡಿ.